ಟಿಬಿ ಮಾತ್ರೆ ಒಂದನ್ನೂ ನುಂಗದವನಿಗೆ ಮದ್ದಿಗೆ ಬಗ್ಗದ ಟಿಬಿ ಹೇಗೆ ಬಂತು?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ಬೆಂಗಳೂರಿನಲ್ಲಿ ಗೋಡೌನ್ ಕೆಲಸ, ಇನ್ನೂ ನಾಲ್ಕು ಹುಡುಗರ ಜೊತೆ ಒಂದೇ ರೂಮಿನಲ್ಲಿ ಇದ್ದ. ಎರಡು ತಿಂಗಳಿಂದ ಕೆಮ್ಮು, ರಾತ್ರಿ ಬೆವರು, ಆರು ಕೆಜಿ ಇಳಿದಿದ್ದಾನೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಲೆವೊಫ್ಲಾಕ್ಸಾಸಿನ್ ಮಾತ್ರೆ ಎರಡು ಸಲ, ಐದೈದು ದಿನ ತಗೊಂಡಿದ್ದ. ಕಡಿಮೆ ಆಗಲಿಲ್ಲ ಅಂತ ಹರಿಹರಕ್ಕೆ ಬಂದ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದರು. ಟಿಬಿ ಇದೆ, ಜೊತೆಗೆ 'ರಿಫಾಂಪಿಸಿನ್ ರೆಸಿಸ್ಟೆನ್ಸ್ ಡಿಟೆಕ್ಟೆಡ್' ಅಂತ ಬಂದಿದೆ, ಅಂದರೆ ಆ ಹೆಸರಿನ ಮುಖ್ಯ ಟಿಬಿ ಮದ್ದಿಗೆ ಕ್ರಿಮಿ ಬಗ್ಗುವುದಿಲ್ಲವಂತೆ. ಅವನಿಗೆ ಹಿಂದೆ ಯಾವತ್ತೂ ಟಿಬಿ ಬಂದಿಲ್ಲ. ನೆಂಟರು ಮಾತ್ರ 'ಬೆಂಗಳೂರಲ್ಲಿ ಗುಟ್ಟಾಗಿ ಮಾತ್ರೆ ತಗೊಂಡು ಅರ್ಧಕ್ಕೇ ಬಿಟ್ಟಿದ್ದಾನೆ, ಅದಕ್ಕೇ ಹೀಗಾಗಿದೆ' ಎನ್ನುತ್ತಿದ್ದಾರೆ. ರಿಪೋರ್ಟೇ ತಪ್ಪಿರಬಹುದಾ? ವಾಸಿಯಾಗುತ್ತಾ? ಮನೆಯಲ್ಲಿ ಅಮ್ಮ ಮತ್ತು ನನ್ನ ಮೂರು ವರ್ಷದ ಮಗಳು ಇದ್ದಾರೆ. ಭಯವಾಗಿದೆ.

ಉತ್ತರ: ಮೊದಲು ನೆಂಟರ ಮಾತನ್ನು ಮುಗಿಸಿಬಿಡೋಣ. ಟಿಬಿ ಮಾತ್ರೆಯನ್ನು ಒಂದು ದಿನವೂ ನುಂಗದವರಿಗೂ ಮದ್ದಿಗೆ ಬಗ್ಗದ ಟಿಬಿ ಬರುತ್ತದೆ. ಇದು ಅಪರೂಪದ ವಿಚಾರವೂ ಅಲ್ಲ, ನಮ್ಮ ವಾರ್ಡಿನಲ್ಲಿ ಇಂಥವರನ್ನು ವರ್ಷಪೂರ್ತಿ ನೋಡುತ್ತೇವೆ. ನಿಮ್ಮ ತಮ್ಮನ ಮಾತನ್ನು ನಾನು ನಂಬುತ್ತೇನೆ, ನೀವೂ ನಂಬಿ. ಅವನನ್ನು ಕೂರಿಸಿಕೊಂಡು ಮತ್ತೆ ಮತ್ತೆ ವಿಚಾರಣೆ ಮಾಡಬೇಡಿ. ಮುಂದಿನ ಆರು ತಿಂಗಳು ಅವನು ದಿನಾ ಮಾತ್ರೆ ನುಂಗಬೇಕು, ಅದಕ್ಕೆ ಮನೆಯವರ ಮೇಲೆ ಅವನಿಗೆ ನಂಬಿಕೆ ಇರಬೇಕು.

ಮದ್ದಿಗೆ ಬಗ್ಗದ ಟಿಬಿ ಒಬ್ಬರಿಗೆ ಎರಡು ದಾರಿಯಲ್ಲಿ ಬರುತ್ತದೆ. ನೆಂಟರಿಗೆ ಗೊತ್ತಿರುವುದು ಒಂದೇ ದಾರಿ: ಸಾಧಾರಣ ಟಿಬಿ ಬಂದು, ಮಾತ್ರೆ ಸರಿಯಾಗಿ ತಗೊಳ್ಳದೆ, ಅಥವಾ ಡಾಕ್ಟರೇ ಸರಿಯಾಗಿ ಬರೆಯದೆ, ಆ ಮನುಷ್ಯನ ಮೈಯೊಳಗೇ ಕ್ರಿಮಿ ಬದಲಾಗುವುದು. ಇನ್ನೊಂದು ದಾರಿ ಇನ್ನೂ ಸರಳ. ಎಲ್ಲೋ, ಯಾವತ್ತೋ, ಇನ್ಯಾರದೋ ಮೈಯಲ್ಲಿ ಬದಲಾದ ಕ್ರಿಮಿ ಆ ಮನುಷ್ಯನ ಕೆಮ್ಮಿನ ಜೊತೆ ಗಾಳಿಗೆ ಬರುತ್ತದೆ, ಕಿಟಕಿ ಮುಚ್ಚಿದ ರೂಮಿನಲ್ಲೋ ಬಸ್ಸಿನಲ್ಲೋ ಗೋಡೌನಿನಲ್ಲೋ ಆ ಗಾಳಿಯನ್ನು ಇನ್ನೊಬ್ಬರು ಉಸಿರಾಡುತ್ತಾರೆ, ಕೆಲವು ತಿಂಗಳೋ ವರ್ಷವೋ ಕಳೆದು ಅವರಿಗೆ ಕೆಮ್ಮು ಶುರುವಾಗುತ್ತದೆ. ನಿಮ್ಮ ತಮ್ಮನ ವಿಷಯದಲ್ಲಿ ರೋಗಿ ಹೊಸಬ. ಕ್ರಿಮಿ ಹಳೆಯದು. ಅದು ಅವನ ಎದೆಗೆ ಬರುವ ಮೊದಲೇ ರಿಫಾಂಪಿಸಿನ್ ಅನ್ನು ಕಂಡಿತ್ತು.

ಕ್ರಿಮಿ ಮೊದಲ ಸಲ ಬದಲಾಗುವುದು ಹೇಗೆ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಮ್ಮ ತಮ್ಮನಿಗೆ ನಾಲ್ಕೈದು ಮದ್ದು ಒಟ್ಟಿಗೆ ಯಾಕೆ ಕೊಡುತ್ತಾರೆ ಎನ್ನುವುದೂ ಅದರಲ್ಲೇ ಇದೆ. ಟಿಬಿ ಶ್ವಾಸಕೋಶದಲ್ಲಿ ಗುಳಿ ಕೊರೆಯುತ್ತದೆ. ಅಂಥ ಒಂದು ಗುಳಿಯಲ್ಲಿ ಹತ್ತು ಕೋಟಿ ಕ್ರಿಮಿಗಳು ಇರಬಹುದು. ಕ್ರಿಮಿ ಎರಡಾಗುವಾಗ ಅದರ ಜೀನ್‌ನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ, ಸುಮ್ನೆ, ತಾನಾಗಿ. ಸುಮಾರು ಹತ್ತು ಲಕ್ಷಕ್ಕೆ ಒಂದು ಕ್ರಿಮಿ ಹೀಗೆ ಟಿಬಿಯ ಇನ್ನೊಂದು ಮುಖ್ಯ ಮದ್ದಾದ ಐಸೋನಿಯಜಿಡ್‌ಗೆ ಬಗ್ಗದಂತಾಗುತ್ತದೆ, ಹತ್ತು ಕೋಟಿಗೆ ಒಂದು ರಿಫಾಂಪಿಸಿನ್‌ಗೆ ಬಗ್ಗದಂತಾಗುತ್ತದೆ. ಅಂದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಆ ಗುಳಿಯಲ್ಲಿ ಐಸೋನಿಯಜಿಡ್‌ಗೆ ಹೆದರದ ನೂರು ಕ್ರಿಮಿ ಕೂತಿರುತ್ತವೆ. ಆ ಒಂದೇ ಮದ್ದು ಕೊಟ್ಟರೆ ಉಳಿದವೆಲ್ಲ ಸತ್ತು, ಆ ನೂರು ಬೆಳೆದು ಮತ್ತೆ ಗುಳಿ ತುಂಬುತ್ತವೆ. ಎರಡು ಮದ್ದನ್ನೂ ಒಟ್ಟಿಗೆ ತಡೆಯುವ ಕ್ರಿಮಿ ಮಾತ್ರ ತಾನಾಗಿ ಹುಟ್ಟುವುದು ಲೆಕ್ಕಕ್ಕೇ ಸಿಗದಷ್ಟು ಅಪರೂಪ. ಅದಕ್ಕೇ ಟಿಬಿಗೆ ಯಾವತ್ತೂ ಒಂಟಿ ಮದ್ದು ಕೊಡುವುದಿಲ್ಲ. ಈ ಪಾಠ ಕಲಿತಿದ್ದು ಸ್ಟ್ರೆಪ್ಟೊಮೈಸಿನ್ ಎನ್ನುವ ಇಂಜೆಕ್ಷನ್ ಒಂದನ್ನೇ ಕೊಡುತ್ತಿದ್ದ ಕಾಲದಲ್ಲಿ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ಆ ಇಂಜೆಕ್ಷನ್ ಪಡೆದು ಮೊದಮೊದಲು ಎದ್ದು ಕೂತ ರೋಗಿಗಳಲ್ಲಿ ಬಹಳ ಜನರ ಕ್ರಿಮಿಗಳು ಕೆಲವೇ ತಿಂಗಳಲ್ಲಿ ಆ ಮದ್ದಿಗೆ ಬಗ್ಗದಂತಾಗಿದ್ದವು.

ಹಾಗೆ ಒಬ್ಬರ ಮೈಯಲ್ಲಿ ಬೆಳೆದ ಕ್ರಿಮಿ ಅಲ್ಲಿಗೇ ನಿಲ್ಲುತ್ತದೆ ಅಂತ ಬಹಳ ವರ್ಷ ಅಂದುಕೊಂಡಿದ್ದೆವು. ಅದು ತಪ್ಪು ಅಂತ ಜಗತ್ತಿಗೆ ಗೊತ್ತು ಮಾಡಿದ ಊರುಗಳಲ್ಲಿ ಒಂದು ದಕ್ಷಿಣ ಆಫ್ರಿಕಾದ ಟುಗೆಲಾ ಫೆರಿ. 2006ರಲ್ಲಿ ಪ್ರಕಟವಾದ ಅಲ್ಲಿನ ವರದಿಯಲ್ಲಿ 53 ಜನರಿಗೆ ಬಹುತೇಕ ಯಾವ ಮದ್ದಿಗೂ ಬಗ್ಗದ ಟಿಬಿ ಇತ್ತು. 52 ಜನ ತೀರಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಿಂದೆ ಯಾವತ್ತೂ ಟಿಬಿ ಚಿಕಿತ್ಸೆಯನ್ನೇ ಪಡೆದವರಲ್ಲ, ಆದರೆ ಮೂರರಲ್ಲಿ ಎರಡು ಪಾಲು ಜನ ಅದಕ್ಕೆ ಸ್ವಲ್ಪ ಮುಂಚೆ ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಯಲ್ಲಿ ಮಲಗಿದ್ದರು. ಅಲ್ಲಿ ಎಚ್ಐವಿ ತುಂಬಾ ಇದ್ದಿದ್ದರಿಂದ ಸಾವು ಅಷ್ಟು ಬೇಗ ಬಂತು. ನಿಮ್ಮ ತಮ್ಮನ ಪರಿಸ್ಥಿತಿಗೂ ಅದಕ್ಕೂ ಹೋಲಿಕೆ ಇಲ್ಲ, ದಯವಿಟ್ಟು ಆ ಅಂಕಿ ನೋಡಿ ಗಾಬರಿಯಾಗಬೇಡಿ. ನಾನು ಅದನ್ನು ಹೇಳಿದ್ದು ಒಂದೇ ಕಾರಣಕ್ಕೆ: ಆ ಕ್ರಿಮಿ ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ ದಾಟುತ್ತದೆ, ಮಾತ್ರೆ ಬಿಟ್ಟವರನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಬೆಲಾರುಸ್‌ನ ಮಿನ್ಸ್ಕ್ ನಗರದಲ್ಲಿ 2009-10ರ ಹೊತ್ತಿಗೆ ಹೊಸ ರೋಗಿಗಳಲ್ಲೇ ನೂರಕ್ಕೆ 35 ಜನರಿಗೆ ಎಂಡಿಆರ್ ಟಿಬಿ ಸಿಕ್ಕಿತ್ತು. ಎಂಡಿಆರ್ ಅಂದರೆ ಐಸೋನಿಯಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ್ದು.

ನಮ್ಮ ದೇಶದ ಲೆಕ್ಕ ಅಷ್ಟು ಕೆಟ್ಟದಾಗಿಲ್ಲ. 2014ರಿಂದ 2016ರವರೆಗೆ ಮೊದಲ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ದೇಶದ ಮೂಲೆಮೂಲೆಯ ಕಫದ ಮಾದರಿಗಳು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಲ್ಯಾಬಿಗೆ ಬಂದವು. ಹಿಂದೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 11.62 ಜನರಿಗೆ ಎಂಡಿಆರ್, ಹೊಸಬರಲ್ಲಿ 2.84. ಕೇಳಲು ಸಣ್ಣದು, ಅಲ್ವಾ? ಆದರೆ ಈಗ ನಮ್ಮಲ್ಲಿ ವರ್ಷಕ್ಕೆ 25 ಲಕ್ಷಕ್ಕೂ ಜಾಸ್ತಿ ಟಿಬಿ ರೋಗಿಗಳು ದಾಖಲಾಗುತ್ತಾರೆ, ಅವರಲ್ಲಿ ದೊಡ್ಡ ಪಾಲು ಹೊಸಬರು. ಆ 2.84 ಅನ್ನು ಅದಕ್ಕೆ ಗುಣಿಸಿ ನೋಡಿ. ನಿಮ್ಮ ತಮ್ಮ ಒಬ್ಬನೇ ಅಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ನನಗೊಂದು ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೊದಲ ಸಲ ಟಿಬಿ ಬಂದವರಿಗೆ ಕಫವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೆವು ಅಷ್ಟೇ. ಕ್ರಿಮಿ ಕಂಡರೆ ಮಾತ್ರೆ ಡಬ್ಬಿ ಕೊಟ್ಟು ಕಳಿಸುತ್ತಿದ್ದೆವು. ಯಾವ ಮದ್ದಿಗೆ ಬಗ್ಗುತ್ತದೆ ಅಂತ ನೋಡುತ್ತಿದ್ದುದು ಚಿಕಿತ್ಸೆ ಸೋತ ಮೇಲೆ ಮಾತ್ರ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಬಂದಳು, ಹತ್ತೊಂಬತ್ತು ವರ್ಷ. ಐದನೇ ತಿಂಗಳಲ್ಲೂ ಕಫದಲ್ಲಿ ಕ್ರಿಮಿ ಇತ್ತು. ಅಲ್ಲಿದ್ದ ಹಿರಿಯರೊಬ್ಬರು ಎಲ್ಲರ ಎದುರೇ 'ಮಾತ್ರೆ ಎಸೆದಿದ್ದೀಯ' ಅಂತ ಬೈದರು. ಅವಳು ಮಾತಾಡಲಿಲ್ಲ. ಬ್ಯಾಗಿನಿಂದ ಒಂದು ಕಟ್ಟು ತೆಗೆದಳು. ಐದು ತಿಂಗಳ ಖಾಲಿ ಸ್ಟ್ರಿಪ್‌ಗಳು, ರಬ್ಬರ್ ಬ್ಯಾಂಡ್ ಹಾಕಿದ್ದು, ಒಂದೂ ಬಿಡದೆ. ಆಮೇಲೆ ಅವಳ ಕಫವನ್ನು ಕಲ್ಚರ್‌ಗೆ ಕಳಿಸಿದೆವು. ಮೊಟ್ಟೆಯಿಂದ ಮಾಡಿದ ಹಸಿರು ಬಣ್ಣದ ಆಹಾರ ತುಂಬಿದ ಪುಟ್ಟ ಗಾಜಿನ ಬಾಟಲಿಗಳು ಇರುತ್ತವೆ, ಒಂದರಲ್ಲಿ ಮದ್ದು ಇರುವುದಿಲ್ಲ, ಉಳಿದವುಗಳಲ್ಲಿ ಒಂದೊಂದು ಮದ್ದು. ಮದ್ದಿಲ್ಲದ ಬಾಟಲಿಯಲ್ಲಿ ಮಾತ್ರ ಕ್ರಿಮಿ ಬೆಳೆಯಬೇಕು, ಮಾಸಲು ಬಣ್ಣದ ಹೂಕೋಸಿನ ಚೂರುಗಳ ಹಾಗೆ. ವಾರಗಟ್ಟಲೆ ಕಾದು ನೋಡಿದಾಗ ಅವಳ ರಿಫಾಂಪಿಸಿನ್ ಬಾಟಲಿಯಲ್ಲೂ ಐಸೋನಿಯಜಿಡ್ ಬಾಟಲಿಯಲ್ಲೂ ಅದೇ ಹೂಕೋಸು, ಅಷ್ಟೇ ದಟ್ಟವಾಗಿ. ಮನೆಯಲ್ಲಿ ಅವಳ ಚಿಕ್ಕಪ್ಪನಿಗೆ ಹಿಂದೆ ಟಿಬಿ ಇತ್ತು, ಎರಡು ಸಲ ಚಿಕಿತ್ಸೆಯಾಗಿತ್ತು ಅಂತ ಆಮೇಲೆ ತಿಳಿಯಿತು. ಮೊದಲ ದಿನ ನಾವು ಕೇಳಿಯೇ ಇರಲಿಲ್ಲ. ಅವಳು ಎರಡು ವರ್ಷ ಚಿಕಿತ್ಸೆ ಪಡೆದು ಉಳಿದುಕೊಂಡಳು, ಆದರೆ ಆಗ ಕೊಡುತ್ತಿದ್ದ ಕನಾಮೈಸಿನ್ ಇಂಜೆಕ್ಷನ್‌ನಿಂದ ಕಿವಿ ಮಂದವಾಯಿತು. ಆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ನನಗೆ ಇವತ್ತಿಗೂ ಕಣ್ಣಮುಂದೆ ಇದೆ.

ಈಗ ಹಾಗಿಲ್ಲ. ಟಿಬಿ ಅಂತ ಗೊತ್ತಾದ ಪ್ರತಿಯೊಬ್ಬರಿಗೂ, ಹೊಸಬರಾಗಲಿ ಹಳಬರಾಗಲಿ, ಕನಿಷ್ಠ ರಿಫಾಂಪಿಸಿನ್ ಪರೀಕ್ಷೆ ಆಗಬೇಕು ಎನ್ನುವುದು ದೇಶದ ನಿಯಮ. ನಿಮ್ಮ ತಮ್ಮನಿಗೆ ಮೊದಲ ವಾರದಲ್ಲೇ ಇದು ಗೊತ್ತಾಗಿದ್ದು ಅದರಿಂದಲೇ. ಕೆಟ್ಟ ಸುದ್ದಿಯೇ ಹೌದು, ಆದರೆ ಆ ಹುಡುಗಿಗೆ ಏಳನೇ ತಿಂಗಳಲ್ಲಿ ಸಿಕ್ಕ ಸುದ್ದಿ ಇವನಿಗೆ ಮೊದಲ ಮಾತ್ರೆಗೂ ಮುಂಚೆ ಸಿಕ್ಕಿದೆ.

ಇನ್ನು ರಿಪೋರ್ಟ್ ತಪ್ಪಿರಬಹುದಾ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಆಸ್ಪತ್ರೆಯಲ್ಲೂ ಕೇಳಿ. ಅವನಿಗೆ ಮಾಡಿರುವುದು ಸಿಬಿನಾಟ್ ಅಥವಾ ಟ್ರೂನಾಟ್ ಇರಬೇಕು. ಟ್ರೂನಾಟ್ ನಮ್ಮ ದೇಶದ್ದೇ, ಗೋವಾದ ಕಂಪನಿಯದು, ಅದರ ಹಿಂದಿನ ಸಂಶೋಧನೆ ನಡೆದದ್ದು ಬೆಂಗಳೂರಿನಲ್ಲಿ. ಬ್ಯಾಟರಿಯಲ್ಲೂ ನಡೆಯುವುದರಿಂದ ಸಣ್ಣ ಊರುಗಳ ಆಸ್ಪತ್ರೆಗೂ ಬಂದಿದೆ. ಈ ಯಂತ್ರಗಳು ಕ್ರಿಮಿಯನ್ನು ಬೆಳೆಸುವುದಿಲ್ಲ, ಅದರ ಜೀನ್ ಅನ್ನು ಓದುತ್ತವೆ. ಆರ್‌ಪಿಒಬಿ ಎನ್ನುವ ಜೀನ್‌ನಲ್ಲಿ 81 ಅಕ್ಷರದ ಒಂದು ತುಂಡು ಇದೆ, ರಿಫಾಂಪಿಸಿನ್‌ಗೆ ಬಗ್ಗದ ಕ್ರಿಮಿಗಳಲ್ಲಿ ಬಹುಪಾಲು ಅಲ್ಲೇ ಬದಲಾಗಿರುತ್ತವೆ. ಆ ತುಂಡಿನಲ್ಲಿ ಬದಲಾವಣೆ ಕಂಡರೆ ಯಂತ್ರ 'ಡಿಟೆಕ್ಟೆಡ್' ಎನ್ನುತ್ತದೆ.

ಎಡವುವುದು ಎಲ್ಲಿ ಅಂದರೆ, ಕಫದಲ್ಲಿ ಕ್ರಿಮಿ ತೀರಾ ಕಡಿಮೆ ಇದ್ದಾಗ. ರಿಪೋರ್ಟಿನಲ್ಲಿ ಎಂಟಿಬಿ (ಅಂದರೆ ಟಿಬಿ ಕ್ರಿಮಿ) ಡಿಟೆಕ್ಟೆಡ್ ಅಂತ ಬರೆದ ಪಕ್ಕದಲ್ಲೇ ಹೈ, ಮೀಡಿಯಂ, ಲೋ, ವೆರಿ ಲೋ ಅಂತ ಇರುತ್ತದೆ, ಒಮ್ಮೆ ನೋಡಿ. ವೆರಿ ಲೋ ಇದ್ದರೆ ರೆಸಿಸ್ಟೆನ್ಸ್ ಮಾತನ್ನು ನಾನು ಅರ್ಧವೇ ನಂಬುತ್ತೇನೆ. ಇನ್ನೊಂದು, ನಿಮ್ಮ ತಮ್ಮನಂಥ ಹೊಸ ರೋಗಿಗಳಲ್ಲಿ ನೂರಕ್ಕೆ ಮೂರು ಜನರಿಗಷ್ಟೇ ಇದು ಇರುವುದರಿಂದ, ಪರೀಕ್ಷೆ ಎಷ್ಟೇ ಒಳ್ಳೆಯದಿದ್ದರೂ ಸಿಕ್ಕ 'ಹೌದು'ಗಳಲ್ಲಿ ಕೆಲವು ಸುಳ್ಳಾಗಿರುತ್ತವೆ. ಅದಕ್ಕೇ ಹೊಸ ರೋಗಿಗೆ ರೆಸಿಸ್ಟೆನ್ಸ್ ಬಂದರೆ ಹೊಸದಾಗಿ ಕಫ ತೆಗೆದು ಇನ್ನೊಂದು ಸಲ ಪರೀಕ್ಷೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇದಕ್ಕೆ ಒಂದೆರಡು ದಿನ ಸಾಕು. ಕಫ ಚೆನ್ನಾಗಿ ಕೊಡುವುದು ಅವನ ಕೈಯಲ್ಲಿದೆ: ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರು ಎಳೆದು ಎದೆಯಾಳದಿಂದ ಕೆಮ್ಮಿ ಬಂದ ಗಟ್ಟಿ ಕಫ ಬೇಕು. ಡಬ್ಬಿ ತುಂಬಾ ಎಂಜಲು ಕೊಟ್ಟರೆ ಯಾವ ಯಂತ್ರವೂ ಏನೂ ಹೇಳುವುದಿಲ್ಲ. ಬಚ್ಚಲಲ್ಲಿ, ಒಳಗೆ ನಿಂತು ಕೆಮ್ಮುವುದು ಬೇಡ, ಹಿತ್ತಲಲ್ಲೋ ತಾರಸಿ ಮೇಲೋ ತೆಗೆಯಲಿ.

ಅದೇ ಹೊತ್ತಿಗೆ ಇನ್ನೊಂದು ಮಾದರಿ, ಜೀನ್ ಓದಿ ಇನ್ನೂ ಕೆಲವು ಮದ್ದುಗಳ ಬಗ್ಗೆ ಹೇಳುವ ಎಲ್‌ಪಿಎ ಪರೀಕ್ಷೆಗೆ, ಕಲ್ಚರ್‌ಗೆ ಹೋಗಬೇಕು. ಇದನ್ನು ಮಾತ್ರ ಬಿಡಬೇಡಿ. ಐಸೋನಿಯಜಿಡ್ ಕಥೆ ಏನು, ಫ್ಲೋರೋಕ್ವಿನೋಲೋನ್ ಗುಂಪಿನ ಮದ್ದುಗಳ ಕಥೆ ಏನು ಅಂತ ಅಲ್ಲಿ ಗೊತ್ತಾಗುತ್ತದೆ. ಈ ಎರಡನೆಯದು ನಿಮ್ಮ ತಮ್ಮನಿಗೆ ಮುಖ್ಯ, ಯಾಕೆಂದರೆ ಅಂಗಡಿಯಲ್ಲಿ ತಗೊಂಡ ಲೆವೊಫ್ಲಾಕ್ಸಾಸಿನ್ ಅದೇ ಗುಂಪಿನದು. ಆ ಹತ್ತು ದಿನದ ಮಾತ್ರೆಯಿಂದ ರಿಫಾಂಪಿಸಿನ್ ರೆಸಿಸ್ಟೆನ್ಸ್ ಬಂದಿಲ್ಲ, ಅದರ ಜೀನೇ ಬೇರೆ. ಆದರೆ ಅದು ಟಿಬಿ ಮೇಲೂ ಕೆಲಸ ಮಾಡುವ ಮದ್ದು. ಸ್ವಲ್ಪ ದಿನ ಕೆಮ್ಮು ತಗ್ಗಿಸಿ ರೋಗವನ್ನು ಮುಚ್ಚಿಡುತ್ತದೆ, ಒಂಟಿಯಾಗಿ ಕೊಟ್ಟರೆ ಅದಕ್ಕೂ ಬಗ್ಗದ ಕ್ರಿಮಿಗಳಿಗೆ ಜಾಗ ಮಾಡಿಕೊಡುತ್ತದೆ. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಂಡಿಆರ್ ಇದ್ದವರಲ್ಲಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಲ್ಲಿ ಈ ಗುಂಪಿನ ಮದ್ದೂ ಕೆಲಸ ಮಾಡುತ್ತಿರಲಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಚೀಟಿ ಇಲ್ಲದೆ ಈ ಮಾತ್ರೆ ಕೊಡುವ ಅಂಗಡಿಯವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಿಮ್ಮ ತಮ್ಮ ಇದನ್ನು ತಗೊಂಡಿದ್ದನ್ನು ಡಾಕ್ಟರ ಹತ್ತಿರ ಮುಚ್ಚಿಡಬಾರದು, ಎಷ್ಟು ದಿನ ಅಂತಲೂ ಹೇಳಲಿ.

ಐಸೋನಿಯಜಿಡ್ ಬಗ್ಗೆ ಒಂದು ಮಾತು, ಇದು ಟಿಬಿ ಇರುವ ಎಲ್ಲ ಮನೆಯವರಿಗೂ. ಆ ಸಮೀಕ್ಷೆಯಲ್ಲಿ ಹೊಸ ರೋಗಿಗಳಲ್ಲೇ ನೂರಕ್ಕೆ 11 ಜನರ ಕ್ರಿಮಿ ಐಸೋನಿಯಜಿಡ್‌ಗೆ ಬಗ್ಗುತ್ತಿರಲಿಲ್ಲ. ಮಾಮೂಲಿ ಸಿಬಿನಾಟ್ ನೋಡುವುದು ರಿಫಾಂಪಿಸಿನ್ ಒಂದನ್ನೇ. 'ರೆಸಿಸ್ಟೆನ್ಸ್ ನಾಟ್ ಡಿಟೆಕ್ಟೆಡ್' ಅಂತ ಬಂದ ಕೂಡಲೇ ನಿಟ್ಟುಸಿರು ಬಿಟ್ಟು ಎಲ್‌ಪಿಎ ಮರೆತುಬಿಡುತ್ತಾರೆ. ಮಾಮೂಲಿ ಟಿಬಿ ಚಿಕಿತ್ಸೆಯಲ್ಲಿ ಮೊದಲ ಎರಡು ತಿಂಗಳು ನಾಲ್ಕು ಮದ್ದು ಇರುವುದರಿಂದ ಹೇಗೋ ನಡೆಯುತ್ತದೆ. ಆಮೇಲಿನ ನಾಲ್ಕು ತಿಂಗಳು ಮೂರೇ ಮದ್ದು, ಅದರಲ್ಲಿ ಐಸೋನಿಯಜಿಡ್ ಲೆಕ್ಕಕ್ಕಿಲ್ಲ ಅಂದರೆ ರಿಫಾಂಪಿಸಿನ್ ಹೆಚ್ಚೂಕಮ್ಮಿ ಒಂಟಿಯಾಗಿ ನಿಲ್ಲುತ್ತದೆ. ನಾಳೆಯ ಎಂಡಿಆರ್ ಹುಟ್ಟುವ ಒಂದು ದಾರಿ ಇದು. ಐಸೋನಿಯಜಿಡ್ ಒಂದೇ ಕೈಕೊಟ್ಟಿದೆ ಅಂತ ಮೊದಲೇ ಗೊತ್ತಾದರೆ ಅದರ ಬದಲು ಲೆವೊಫ್ಲಾಕ್ಸಾಸಿನ್ ಸೇರಿಸಿ ಆರೇ ತಿಂಗಳಲ್ಲಿ ವಾಸಿ ಮಾಡಬಹುದು.

ವಾಸಿಯಾಗುತ್ತಾ ಅಂದಿರಿ. ಆಗುತ್ತದೆ. ಈ ಮಾತನ್ನು ಹತ್ತು ವರ್ಷದ ಹಿಂದೆ ಇಷ್ಟು ಧೈರ್ಯವಾಗಿ ಹೇಳಲು ನನಗೆ ಆಗುತ್ತಿರಲಿಲ್ಲ. ಈಗ ಬಿಪಾಲ್ಮ್ ಅಂತ ಕರೆಯುವ ಚಿಕಿತ್ಸೆ ಬಂದಿದೆ, 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಆರೋಗ್ಯ ಸಚಿವಾಲಯ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್, ಈ ನಾಲ್ಕು. ಎಲ್ಲವೂ ಮಾತ್ರೆ, ಇಂಜೆಕ್ಷನ್ ಇಲ್ಲ, ಸಾಮಾನ್ಯವಾಗಿ 26 ವಾರ. ಬೆಲಾರುಸ್, ದಕ್ಷಿಣ ಆಫ್ರಿಕಾ, ಉಜ್ಬೆಕಿಸ್ತಾನಗಳಲ್ಲಿ ನಡೆದ ಪ್ರಯೋಗದಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 89 ಜನರಿಗೆ ಒಳ್ಳೆಯ ಫಲ ಸಿಕ್ಕಿತು, ಹಳೆಯ ಉದ್ದದ ಚಿಕಿತ್ಸೆಯಲ್ಲಿ 52. ಫ್ಲೋರೋಕ್ವಿನೋಲೋನ್‌ಗೂ ಕ್ರಿಮಿ ಬಗ್ಗುವುದಿಲ್ಲ ಅಂತ ಎಲ್‌ಪಿಎಯಲ್ಲಿ ಬಂದರೆ ಮಾಕ್ಸಿಫ್ಲಾಕ್ಸಾಸಿನ್ ಬಿಟ್ಟು ಉಳಿದ ಮೂರನ್ನು ಮುಂದುವರಿಸುವ ದಾರಿಯೂ ಇದೆ. ಅವನಿಗೆ ಇದೇ ಸರಿಯೋ, 9ರಿಂದ 11 ತಿಂಗಳಿನದೋ, ಇನ್ನೂ ಉದ್ದದ್ದೋ ಎನ್ನುವುದನ್ನು ಇಸಿಜಿ, ರಕ್ತ ಪರೀಕ್ಷೆ ಎಲ್ಲ ನೋಡಿ ಅಲ್ಲಿನ ಡಾಕ್ಟರೇ ಹೇಳಬೇಕು.

ಈ ಮಾತ್ರೆಗಳು ಸುಲಭದವಲ್ಲ. ಲಿನೆಜೋಲಿಡ್ ರಕ್ತ ಇಳಿಸಬಹುದು, ಅಂಗಾಲಿನಲ್ಲಿ ಉರಿ, ಜೋಮು ತರಬಹುದು, ಅಪರೂಪಕ್ಕೆ ಕಣ್ಣಿಗೆ ತೊಂದರೆ ಕೊಡಬಹುದು. ಚಪ್ಪಲಿ ಜಾರಿದ್ದು ಗೊತ್ತಾಗುತ್ತಿಲ್ಲ, ಬಣ್ಣ ಮಂಕಾಗಿ ಕಾಣುತ್ತದೆ ಅಂತ ಅವನು ಹೇಳಿದರೆ ಮುಂದಿನ ತಿಂಗಳ ಭೇಟಿಗೆ ಕಾಯಬೇಡಿ, ಅವತ್ತೇ ಹೋಗಿ. ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಾಸಿನ್ ಹೃದಯದ ಬಡಿತದ ಲಯ ಕೆಡಿಸಬಹುದು, ಅದಕ್ಕೇ ಆಗಾಗ ಇಸಿಜಿ ಮಾಡುತ್ತಾರೆ. ತಾನಾಗಿ ಒಂದು ಮಾತ್ರೆ ಬಿಟ್ಟು ಉಳಿದದ್ದು ನುಂಗುವುದು ಮಾತ್ರ ಬೇಡವೇ ಬೇಡ. ಮೇಲೆ ಹೇಳಿದ ಒಂಟಿ ಮದ್ದಿನ ಲೆಕ್ಕ ನೆನಪಿದೆಯಲ್ಲ? ಒಂದೋ ಎಲ್ಲ ನುಂಗಬೇಕು, ಇಲ್ಲ ಡಾಕ್ಟರ್ ಹೇಳಿದ ಹಾಗೆ ಬದಲಿಸಬೇಕು.

ಮಾತ್ರೆ, ಪರೀಕ್ಷೆ ಎಲ್ಲ ಸರ್ಕಾರದಿಂದ ಉಚಿತ. ಊಟದ ಖರ್ಚಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಅವನ ಬ್ಯಾಂಕ್ ಖಾತೆಗೆ ಬರಬೇಕು, 2024ರ ನವೆಂಬರ್‌ವರೆಗೆ ಇದು 500 ಇತ್ತು. ಬರದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಥವಾ 1800116666ಕ್ಕೆ ಫೋನ್ ಮಾಡಿ.

ಅಮ್ಮ ಮತ್ತು ಮಗಳ ವಿಷಯ. ತಟ್ಟೆ ಲೋಟ ಬೇರೆ ಇಡುವುದರಿಂದ ಏನೂ ಆಗುವುದಿಲ್ಲ, ಅವನ ಮನಸ್ಸು ನೋಯುತ್ತದೆ ಅಷ್ಟೇ. ಟಿಬಿ ಹರಡುವುದು ಗಾಳಿಯಲ್ಲಿ. ಸದ್ಯಕ್ಕೆ ಅವನು ಕಿಟಕಿ ಇರುವ ಕೋಣೆಯಲ್ಲಿ ಒಬ್ಬನೇ ಮಲಗಲಿ, ಹಗಲು ಹೊತ್ತು ಜಗುಲಿಯಲ್ಲೋ ಹೊರಗೋ ಕೂರಲಿ, ಮನೆಯವರ ಜೊತೆ ಒಳಗಿರುವಾಗ ಮಾಸ್ಕ್ ಹಾಕಲಿ. ಸರಿಯಾದ ಮದ್ದು ಶುರುವಾದರೆ ಹರಡುವ ಶಕ್ತಿ ಬೇಗ ಇಳಿಯುತ್ತದೆ. ಸರಿಯಾದ ಮದ್ದು ಎನ್ನುವುದೇ ಇಲ್ಲಿ ಮುಖ್ಯ, ಮಾಮೂಲಿ ಟಿಬಿ ಮಾತ್ರೆಯಿಂದ ಇವನ ಕ್ರಿಮಿ ಅಷ್ಟಾಗಿ ಬಗ್ಗುವುದಿಲ್ಲ. ಅಮ್ಮನಿಗೂ ಮಗಳಿಗೂ ಈ ವಾರವೇ ಪರೀಕ್ಷೆ ಮಾಡಿಸಿ, ಎದೆ ಎಕ್ಸ್‌ರೇ ಸೇರಿ. ಮೂರು ವರ್ಷದ ಮಗುವಿಗೆ ಕೆಮ್ಮೇ ಇಲ್ಲದೆಯೂ ಟಿಬಿ ಇರಬಹುದು, ತೂಕ ಏರದಿರುವುದೂ ಒಂದು ಗುರುತು. ರೋಗ ಇಲ್ಲ ಅಂತ ಖಚಿತವಾದ ಮೇಲೆ ತಡೆಯುವ ಮದ್ದಿನ ಬಗ್ಗೆ ಕೇಳಿ. ಸಾಮಾನ್ಯವಾಗಿ ಮನೆಯವರಿಗೆ ಐಸೋನಿಯಜಿಡ್ ಅಥವಾ ರಿಫಾಂಪಿಸಿನ್ ಜಾತಿಯ ಮದ್ದು ಕೊಡುತ್ತಾರೆ, ನಿಮ್ಮ ಮನೆಗೆ ಅದು ಹೊಂದುವುದಿಲ್ಲ. ಎಂಡಿಆರ್ ರೋಗಿಯ ಜೊತೆಗಿದ್ದವರಿಗೆ ಆರು ತಿಂಗಳು ಲೆವೊಫ್ಲಾಕ್ಸಾಸಿನ್ ಕೊಡಬಹುದು ಅಂತ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದೂ ತಮ್ಮನ ಎಲ್‌ಪಿಎಯಲ್ಲಿ ಆ ಮದ್ದಿಗೆ ಕ್ರಿಮಿ ಬಗ್ಗುತ್ತದೆ ಅಂತ ಬಂದರೆ. ನೋಡಿ, ಮಗುವಿನ ಮದ್ದೂ ಅದೇ ಒಂದು ಡಬ್ಬಿ ಕಫದ ಮೇಲೆ ನಿಂತಿದೆ.

ಕೊನೆಯದಾಗಿ, ನೀವು ಕೇಳದೇ ಇದ್ದರೂ ಹೇಳುತ್ತೇನೆ. ಬೆಂಗಳೂರಿನ ಆ ರೂಮಿನಲ್ಲಿ ಇನ್ನೂ ನಾಲ್ಕು ಹುಡುಗರಿದ್ದಾರೆ. ಒಬ್ಬನಿಂದ ಇವನಿಗೆ ಬಂದಿರಬಹುದು, ಇವನಿಂದ ಒಬ್ಬನಿಗೆ ಹೋಗಿರಬಹುದು, ಯಾರಿಂದ ಯಾರಿಗೆ ಎನ್ನುವುದು ಈಗ ಬೇಡ. ಅವರಿಗೆ ನಿಮ್ಮ ತಮ್ಮನೇ ಫೋನ್ ಮಾಡಲಿ. ನಾಚಿಕೆಯಾದರೆ ನೀವು ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಡುವಾಗ 'ನಮ್ಮ ರೂಮ್‌ಮೇಟ್‌ಗೆ ರಿಫಾಂಪಿಸಿನ್ ರೆಸಿಸ್ಟೆಂಟ್ ಟಿಬಿ ಇದೆ' ಅಂತ ಅವರು ಬಾಯಿಬಿಟ್ಟು ಹೇಳಬೇಕು, ಆಗ ಮೈಕ್ರೋಸ್ಕೋಪಿನಲ್ಲಿ ನೋಡಿ ಕಳಿಸಿಬಿಡದೆ ನೇರವಾಗಿ ಸಿಬಿನಾಟ್‌ಗೆ ಹಾಕುತ್ತಾರೆ. ರೂಮಿನ ವಿಳಾಸ, ಅವರ ಫೋನ್ ನಂಬರುಗಳನ್ನು ಹರಿಹರದ ಆಸ್ಪತ್ರೆಯ ಟಿಬಿ ವಿಭಾಗದವರಿಗೂ ಬರೆದುಕೊಡಿ. ಎಲ್‌ಪಿಎ ರಿಪೋರ್ಟ್ ಬಂದ ಮೇಲೆ ಏನಾದರೂ ಅರ್ಥವಾಗದಿದ್ದರೆ ಮತ್ತೆ ಬರೆಯಿರಿ.